ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ

ಒಂಬತ್ತನೇ ತರಗತಿಗೆ ನ್ಯೂಟನ್ನನ ಮೂರನೇ ನಿಯಮದ ಪಾಠ ಮಾಡುವ ದಿನ ನಾನು ಮೇಜಿನ ಡ್ರಾಯರಿನಿಂದ ಒಂದು ಹಳೆಯ ಪತ್ರಿಕೆಯ ತುಣುಕನ್ನು ತೆಗೆದು ಮಕ್ಕಳ ಕೈಗೆ ಕೊಡುತ್ತೇನೆ. ಅದು 2018ರ ಜುಲೈ ತಿಂಗಳದು. ಚಿತ್ರದಲ್ಲಿ ಇರುವುದು ತುಕ್ಕು ಹಿಡಿದು, ಮಣ್ಣು ಮೆತ್ತಿಕೊಂಡ ಕಬ್ಬಿಣದ ಕೊಳವೆಗಳ ರಾಶಿ. ಈ ವರ್ಷ ಆ ತುಣುಕು ಬೆಂಚಿನಿಂದ ಬೆಂಚಿಗೆ ದಾಟಿ ಕೊನೆಯ ಸಾಲಿಗೆ ತಲುಪಿದಾಗ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಇದು ಗುಜರಿಯವನ ಗಾಡೀಲಿರೋ ಸಾಮಾನಿನ ಥರ ಇದೆಯಲ್ಲ" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಮಾತು ಸಂಜೆ ಮನೆಗೆ ಬಂದ ಮೇಲೂ ಮನಸ್ಸಿನಿಂದ ಹೋಗಲಿಲ್ಲ. ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗುಜರಿ ಸಾಮಾನಿಗೂ ಚರಿತ್ರೆಯ ಸಾಕ್ಷಿಗೂ ನೋಟದಲ್ಲಿ ವ್ಯತ್ಯಾಸವೇ ಇಲ್ಲ. ಯಾರಾದರೂ ಅದನ್ನು ಎತ್ತಿಟ್ಟು, ಅಳೆದು, ತೂಗಿ, ಪ್ರಶ್ನೆ ಕೇಳಿದಾಗ ಮಾತ್ರ ಅದು ಸಾಕ್ಷಿಯಾಗುತ್ತದೆ. ಆ ಕೆಲಸ ಮಾಡುವ ಜಾಗಕ್ಕೆ ವಸ್ತುಸಂಗ್ರಹಾಲಯ ಎಂದು ಹೆಸರು. ಈ ವಾರ ಅದರ ಕಥೆ.

ನಗರದ ಬಾವಿ

ನಮ್ಮ ಯಗಟಿಯಿಂದ ಕಡೂರಿಗೆ ಹೋಗಿ, ಬೀರೂರು, ತರೀಕೆರೆ, ಭದ್ರಾವತಿ ದಾಟಿದರೆ ಶಿವಮೊಗ್ಗ. ಅಲ್ಲಿಂದ ಪಶ್ಚಿಮಕ್ಕೆ ಮಲೆನಾಡಿನೊಳಗೆ ನುಗ್ಗಿದರೆ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿದೆ. ಹೆಸರು ನಗರ, ನೋಡಲು ಹಳ್ಳಿ. ಒಂದು ಕಾಲದಲ್ಲಿ ಇದು ಬಿದನೂರು ಎಂಬ ಹೆಸರಿನಿಂದ ಕೆಳದಿ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿ ಇದನ್ನು ಗೆದ್ದುಕೊಂಡು ಹೈದರ್‌ನಗರ ಎಂದು ಕರೆದ. ಕಾಲಕ್ರಮೇಣ 'ಹೈದರ್' ಉದುರಿ 'ನಗರ' ಉಳಿಯಿತು.

2002ರಲ್ಲಿ ಅಲ್ಲಿನ ಜಮೀನೊಂದರ ಬಾವಿಯ ಹೂಳೆತ್ತುವಾಗ ನೂರ ಅರವತ್ತರಷ್ಟು ಕಬ್ಬಿಣದ ಕೊಳವೆಗಳು ಸಿಕ್ಕಿದವು. ಅವು ಶಿವಮೊಗ್ಗದಲ್ಲಿ ತುಂಗಾ ತೀರದಲ್ಲಿರುವ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ನೋಡಿದವರು ಇವು ಫಿರಂಗಿಯ ಸಿಡಿಗುಂಡುಗಳಿರಬೇಕು ಎಂದುಕೊಂಡರು. ಹತ್ತು ವರ್ಷಕ್ಕೂ ಮಿಕ್ಕಿ ಅವು ಆ ತಪ್ಪು ಹೆಸರಿನಲ್ಲೇ ಕಾಲ ಕಳೆದವು. ಆಮೇಲೆ ಮತ್ತೆ ಪರಿಶೀಲಿಸಿದಾಗ ತಿಳಿಯಿತು: ಇವು ಸಿಡಿಗುಂಡುಗಳಲ್ಲ, ಟಿಪ್ಪುವಿನ ಕಾಲದ ಮೈಸೂರು ಬಾಣಗಳು, ಅಂದರೆ ಇಂದಿನ ಮಾತಿನಲ್ಲಿ ರಾಕೆಟ್ಟುಗಳು.

ಹಾಗಾದರೆ ಆ ಬಾವಿಯಲ್ಲಿ ಇನ್ನೂ ಇರಬಹುದಲ್ಲವೇ? ಬಾವಿಯ ಮಣ್ಣಿಗೆ ಗುಂಡುಮದ್ದಿನ ವಾಸನೆ ಇತ್ತಂತೆ. 2018ರ ಜುಲೈನಲ್ಲಿ ರಾಜ್ಯದ ಪುರಾತತ್ವ ಇಲಾಖೆಯವರು ಅಲ್ಲಿ ಅಗೆಸಿದರು. ಹದಿನೈದು ಜನ ಮೂರು ದಿನ ದುಡಿದರು. ಹೊರಗೆ ಬಂದದ್ದು ಒಂದು ಸಾವಿರಕ್ಕೂ ಹೆಚ್ಚು ಬಾಣಗಳು! ಒಂದು ಗೇಣಿನಿಂದ ಒಂದೂವರೆ ಗೇಣಿನಷ್ಟು ಉದ್ದದ ಕೊಳವೆಗಳು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆ ಕತ್ತಲಲ್ಲಿ ಮಲಗಿದ್ದವು. ನನ್ನ ಡ್ರಾಯರಿನ ಚಿತ್ರ ಆ ರಾಶಿಯದೇ.

ಬಾಯಿಲ್ಲದ ಸಾಕ್ಷಿ

ಸಿಡಿಗುಂಡು ಎಂದುಕೊಂಡದ್ದು ಬಾಣವೆಂದು ತಿಳಿಯುವುದು ಹೇಗೆ? ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ವಸ್ತುವಿಗೆ ಬಾಯಿಲ್ಲ. ಆದರೆ ಸರಿಯಾದ ಪ್ರಶ್ನೆ ಕೇಳಿದರೆ ಅದರ ಆಕಾರವೇ ಉತ್ತರ ಹೇಳುತ್ತದೆ.

ಸಿಡಿಗುಂಡನ್ನು ಮುಂದಕ್ಕೆ ದೂಡುವುದು ಫಿರಂಗಿಯೊಳಗಿನ ಮದ್ದು. ಗುಂಡಿನ ಒಳಗಿರುವ ಮದ್ದು ಸಿಡಿಯುವುದಕ್ಕೆ ಮಾತ್ರ. ಅಂದಿನ ಸಿಡಿಗುಂಡುಗಳು ಸಾಮಾನ್ಯವಾಗಿ ಚೆಂಡಿನ ಆಕಾರದವು. ಎಲ್ಲ ಕಡೆ ಮುಚ್ಚಿದ್ದು, ಬತ್ತಿಗೆ ಒಂದು ತೂತು ಇರುತ್ತಿತ್ತು. ಬಾಣದ ಸಂಗತಿ ಬೇರೆ. ಅದನ್ನು ಹಿಂದಿನಿಂದ ದೂಡುವವರು ಯಾರೂ ಇಲ್ಲ. ಅದು ತನ್ನ ಹೊಟ್ಟೆಯ ಬೆಂಕಿಯಿಂದಲೇ ಓಡಬೇಕು. ಆದ್ದರಿಂದ ಅದು ಉದ್ದನೆಯ ಕೊಳವೆ. ಒಂದು ತುದಿ ಭದ್ರವಾಗಿ ಮುಚ್ಚಿರಬೇಕು, ಇನ್ನೊಂದು ತುದಿಯಲ್ಲಿ ಅನಿಲ ನುಗ್ಗಿ ಬರಲು ಕಿಂಡಿ ಇರಬೇಕು. ಕೊಳವೆಯ ಉದ್ದ, ಅಡ್ಡಳತೆ, ತೂಕ, ತಗಡಿನ ದಪ್ಪ, ಕಿಂಡಿಯ ಅಗಲ ಇವೆಲ್ಲವನ್ನೂ ಅಳೆದು, ಬೇರೆ ಕಡೆ ಉಳಿದಿರುವ ಮಾದರಿಗಳ ಜೊತೆ ಹೋಲಿಸಿದರೆ ಹೆಸರು ತಾನಾಗಿ ಹೊರಗೆ ಬರುತ್ತದೆ.

ಹೋಲಿಸಲು ಮಾದರಿ ಎಲ್ಲಿತ್ತು ಎಂದಿರಾ? ಲಂಡನ್ನಿನ ಹತ್ತಿರದ ವೂಲಿಚ್‌ನಲ್ಲಿ! ಬ್ರಿಟಿಷ್ ಫಿರಂಗಿದಳದ ವಸ್ತುಸಂಗ್ರಹಾಲಯದಲ್ಲಿ ಮೈಸೂರಿನ ಎರಡು ಬಾಣಗಳನ್ನು ಜತನವಾಗಿ ಇಟ್ಟುಕೊಂಡಿದ್ದರು. ಎರಡೇ ಎರಡು. ನಮ್ಮ ಬಾವಿಯಲ್ಲಿ ಸಾವಿರ ಇದ್ದವು, ಆದರೆ ಅವು ಇದ್ದದ್ದು ನಮಗೆ ಗೊತ್ತಿರಲಿಲ್ಲ. ಅವರ ಬಳಿ ಎರಡಿದ್ದವು, ಆದರೆ ಆ ಎರಡರ ಮೇಲೂ ಚೀಟಿ ಅಂಟಿತ್ತು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಂಧಕ ಎಲ್ಲಿ?

2018ರ ಕೆಲವು ಪತ್ರಿಕಾ ವರದಿಗಳಲ್ಲಿ ಕೊಳವೆಗಳೊಳಗೆ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು ಮತ್ತು ಮೆಗ್ನೀಸಿಯಂ ಪುಡಿ ತುಂಬಿತ್ತು ಎಂದು ಬರೆದಿತ್ತು. ಆ ಸಾಲನ್ನು ನಾನು ತರಗತಿಯಲ್ಲಿ ಓದಿ, "ಇದರಲ್ಲಿ ಎರಡು ತೊಡಕಿವೆ, ಹುಡುಕಿ ನೋಡೋಣ" ಎಂದೆ.

ಮೊದಲನೆಯದನ್ನು ಒಬ್ಬಳು ಹುಡುಗಿ ಥಟ್ಟನೆ ಹೇಳಿದಳು: "ಸಾರ್, ಗಂಧಕ ಎಲ್ಲಿ?" ಭೇಷ್! ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಮೂರೂ ಇರಬೇಕು. ಪೊಟ್ಯಾಸಿಯಂ ನೈಟ್ರೇಟ್ ಎಂಬುದೇ ನಮ್ಮ ಪೆಟ್ಲುಪ್ಪು. ಅದು ಉರಿಯಲು ಆಮ್ಲಜನಕ ಕೊಡುತ್ತದೆ, ಇದ್ದಿಲು ಉರಿಯುತ್ತದೆ, ಗಂಧಕ ಬೇಗ ಹೊತ್ತಿಕೊಳ್ಳುವಂತೆ ಮಾಡುತ್ತದೆ.

ಎರಡನೆಯ ತೊಡಕು ಸ್ವಲ್ಪ ಆಳದಲ್ಲಿದೆ. ಮೆಗ್ನೀಸಿಯಂ ಲೋಹವನ್ನು ಮೊದಲ ಬಾರಿಗೆ ಬೇರ್ಪಡಿಸಿದವನು ಇಂಗ್ಲೆಂಡಿನ ಹಂಫ್ರಿ ಡೇವಿ, 1808ರಲ್ಲಿ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಹಾಗಾದರೆ ಬಾಣದೊಳಗೆ ಮೆಗ್ನೀಸಿಯಂ ಲೋಹದ ಪುಡಿ ಬರುವುದು ಹೇಗೆ? ಬರಲಾರದು. ಮೆಗ್ನೀಸಿಯಂನ ಲವಣಗಳು ಮಣ್ಣಿನಲ್ಲೂ ಇವೆ, ಬಾವಿಯ ನೀರಿನಲ್ಲೂ ಇವೆ. ಇನ್ನೂರು ವರ್ಷ ಕೆಸರಿನಲ್ಲಿ ನೆನೆದ ಕೊಳವೆಯೊಳಗೆ ಅವು ಸೇರಿಕೊಳ್ಳುವುದು ಆಶ್ಚರ್ಯವಲ್ಲ. ಪತ್ತೆಯಾದದ್ದು ಮೂಲವಸ್ತು, ಪತ್ರಿಕೆಯ ಸಾಲಿಗೆ ಬರುವ ಹೊತ್ತಿಗೆ ಅದು ಪುಡಿಯಾಗಿರಬೇಕು.

ಇದನ್ನು ಹೇಳಿದ್ದು ಯಾರನ್ನೂ ಹಳಿಯಲು ಅಲ್ಲ. ಅಗೆದು ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ತೋರಿಸಲು. ಅಗೆಯಲು ಮೂರು ದಿನ ಸಾಕು. ಆದರೆ ಒಳಗಿನ ಪುಡಿಯಲ್ಲಿ ಮದ್ದು ಯಾವುದು, ಮಣ್ಣು ಯಾವುದು ಎಂದು ಬಿಡಿಸುವುದಕ್ಕೆ, ತಗಡಿನ ಚೂರನ್ನು ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಎಂಥ ಕುಲುಮೆಯ ಕಬ್ಬಿಣ ಎಂದು ಓದುವುದಕ್ಕೆ, ತುಕ್ಕು ಮುಂದೆ ಹಬ್ಬದಂತೆ ತಡೆಯುವುದಕ್ಕೆ ವರ್ಷಗಳೇ ಬೇಕು. ವಸ್ತುಸಂಗ್ರಹಾಲಯದ ನಿಜವಾದ ಕೆಲಸ ಗಾಜಿನ ಪೆಟ್ಟಿಗೆಯ ಹಿಂದಿನ ಕೋಣೆಯಲ್ಲಿ ನಡೆಯುತ್ತದೆ.

ಕಾಗದದ ಬದಲು ಕಬ್ಬಿಣ

ಬಾಣ ಮೈಸೂರಿನವರೇ ಮೊದಲು ಕಂಡುಹಿಡಿದದ್ದು ಎಂದು ಕೆಲವರು ಭಾಷಣ ಮಾಡುತ್ತಾರೆ. ಅದು ಸರಿಯಲ್ಲ. ಮದ್ದಿನ ಬಾಣ ಚೀನೀಯರಿಗೆ ಅದಕ್ಕಿಂತ ಶತಮಾನಗಳ ಹಿಂದೆಯೇ ಗೊತ್ತಿತ್ತು. ಭಾರತದ ಬೇರೆ ಸೈನ್ಯಗಳಲ್ಲೂ ಬಾಣಗಳಿದ್ದವು. ಮೈಸೂರಿನವರ ಹೊಸತನ ಇದ್ದದ್ದು ಕೊಳವೆಯಲ್ಲಿ.

ದೀಪಾವಳಿಯ ರಾಕೆಟ್ಟನ್ನು ನೆನೆದುಕೊಳ್ಳಿ. ಅದರ ಕೊಳವೆ ಕಾಗದದ್ದು. ಕರಿಮದ್ದನ್ನು ಬಯಲಿನಲ್ಲಿ ಸುರಿದು ಬೆಂಕಿ ಇಟ್ಟರೆ ಭುಸ್ಸೆಂದು ಉರಿದು ಮುಗಿಯುತ್ತದೆ. ಅದನ್ನೇ ಕೊಳವೆಯಲ್ಲಿ ಗಟ್ಟಿಯಾಗಿ ತುಂಬಿ ಒಂದೇ ಕಿಂಡಿ ಬಿಟ್ಟರೆ, ಹುಟ್ಟಿದ ಅನಿಲಕ್ಕೆ ಜಾಗ ಸಾಲದೆ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಮದ್ದು ಇನ್ನೂ ವೇಗವಾಗಿ ಉರಿಯುತ್ತದೆ, ಅನಿಲ ಇನ್ನೂ ರಭಸದಿಂದ ಹಿಂದಕ್ಕೆ ಚಿಮ್ಮುತ್ತದೆ, ಕೊಳವೆ ಅಷ್ಟೇ ಬಲದಿಂದ ಮುಂದಕ್ಕೆ ಹಾರುತ್ತದೆ. ಇದೇ ನ್ಯೂಟನ್ನನ ಮೂರನೇ ನಿಯಮ. ಆದರೆ ಕಾಗದದ ಕೊಳವೆ ಎಷ್ಟು ಒತ್ತಡ ತಡೆದೀತು? ಮಿತಿ ಮೀರಿದರೆ ಅಲ್ಲೇ ಒಡೆದು ಹೋಗುತ್ತದೆ. ತೆಳುವಾದ ಕಬ್ಬಿಣದ ಕೊಳವೆ ಅದಕ್ಕಿಂತ ಹೆಚ್ಚು ಒತ್ತಡವನ್ನು ತಡೆದುಕೊಳ್ಳುತ್ತದೆ. ಮದ್ದನ್ನು ಇನ್ನೂ ಬಿಗಿಯಾಗಿ ತುಂಬಬಹುದು. ಬಾಣ ಇನ್ನೂ ದೂರ ಹೋಗುತ್ತದೆ.

ಕೊಳವೆಗೆ ಉದ್ದನೆಯ ಬಿದಿರ ಕೋಲು ಕಟ್ಟುತ್ತಿದ್ದರು. ಅದು ಬಾಲ. ಬಾಣ ಅಡ್ಡ ತಿರುಗಲು ಹೋದಾಗ ಗಾಳಿ ಆ ಬಾಲವನ್ನು ಹಿಡಿದು ಮತ್ತೆ ನೇರ ಮಾಡುತ್ತದೆ. ಗಾಳಿಪಟದ ಬಾಲಂಗೋಚಿ ಕಟ್ಟಿದ ಯಾವ ಹುಡುಗನಿಗೂ ಇದನ್ನು ವಿವರಿಸಬೇಕಾಗಿಲ್ಲ.

ಹೇಳಲು ಸುಲಭ. ಆದರೆ ಸಾವಿರಾರು ಕೊಳವೆಗಳನ್ನು, ಒಂದೂ ಬಿರುಕು ಬಿಡದಂತೆ, ಕೈಯಿಂದ ತಗಡು ಬಡಿದು, ಸುರುಳಿ ಸುತ್ತಿ, ಅಂಚು ಕೂಡಿಸಿ ಮಾಡುವುದು ಸಣ್ಣ ಮಾತಲ್ಲ. ಅದಕ್ಕೆ ಒಳ್ಳೆಯ ಕಬ್ಬಿಣ ಬೇಕು, ಕೈ ಪಳಗಿದ ಕಮ್ಮಾರರು ಬೇಕು. ಬೆಂಗಳೂರಿನ ಪೇಟೆಯಲ್ಲಿ ಈಗಲೂ ಇರುವ ತಾರಾಮಂಡಲಪೇಟೆ ಎಂಬ ಹೆಸರು ಈ ಬಾಣದ ಕೆಲಸದ ನೆನಪು ಎನ್ನುತ್ತಾರೆ.

ಟಿಪ್ಪುವಿನ ಬಗ್ಗೆ ವಾದವಿವಾದಗಳು ಇದ್ದೇ ಇವೆ. ಅವುಗಳನ್ನು ಚರಿತ್ರೆಯ ಮೇಷ್ಟರಿಗೆ ಬಿಡೋಣ. ಈ ವಾರ ನಮಗೆ ಮುಖ್ಯ ಅರಸನಲ್ಲ, ಆ ಕೊಳವೆ ಬಡಿದ ಕೈಗಳು.

ವೂಲಿಚ್‌ಗೆ ಹೋದ ಬಾಣ

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಮೈಸೂರಿನವರು ಕರ್ನಲ್ ಬೇಲಿಯ ಸೈನ್ಯವನ್ನು ಸೋಲಿಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಯುದ್ಧದ ಚಿತ್ರವಿದೆ. ಪ್ರವಾಸ ಹೋದವರು ನೋಡಿರುತ್ತೀರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೋಟೆಯೊಳಗೆ ಬ್ರಿಟಿಷರಿಗೆ ಹಾರಿಸಲು ಸಿದ್ಧವಿದ್ದ 700 ಬಾಣಗಳೂ ಮದ್ದು ತುಂಬದ 9,000 ಕೊಳವೆಗಳೂ ಸಿಕ್ಕಿದವು ಎಂದು ದಾಖಲೆಯಿದೆ.

ಗೆದ್ದವರು ಅವುಗಳನ್ನು ಗುಜರಿಗೆ ಹಾಕಲಿಲ್ಲ. ಮಾದರಿಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು. ವೂಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ 1804ರ ಸುಮಾರಿಗೆ ಬಾಣದ ಪ್ರಯೋಗಕ್ಕೆ ಕೈ ಹಾಕಿದ. ಆತ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಲಂಡನ್ನಿನ ಪಟಾಕಿ ಅಂಗಡಿಗಳಲ್ಲಿ ಸಿಗುವ ಅತಿ ದೊಡ್ಡ ಬಾಣಗಳನ್ನು ಕೊಂಡು ಹಾರಿಸಿ ದೂರ ಅಳೆದ. 600 ಗಜಕ್ಕಿಂತ ಮುಂದೆ ಹೋಗಲಿಲ್ಲ. ಭಾರತದ ಬಾಣ 1,000 ಗಜದವರೆಗೆ ಹೋಗುತ್ತದೆ ಎಂದು ಆತ ಕೇಳಿದ್ದ. ಮದ್ದಿನ ಪ್ರಮಾಣ ಬದಲಿಸಿದ, ಕೊಳವೆ ಬದಲಿಸಿದ, ಒಂದೊಂದು ಬಾರಿಯೂ ಅಳೆದು ಬರೆದುಕೊಂಡ. ಸ್ವಲ್ಪ ಕಾಲದಲ್ಲೇ 2,000 ಗಜ ಮುಟ್ಟಿದ. 1807ರಲ್ಲಿ ಅದೆಲ್ಲವನ್ನೂ ಪುಸ್ತಕವಾಗಿ ಅಚ್ಚು ಹಾಕಿಸಿದ. ಅದೇ ವರ್ಷ ಅವನ ಬಾಣಗಳು ಕೋಪನ್‌ಹೇಗನ್ ಮೇಲೆ ಬಿದ್ದವು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿದವು. ಆ ದೇಶದ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಮಾತು ಬರುವುದು ಅದರಿಂದ.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು 1960ರ ದಶಕದಲ್ಲಿ ತರಬೇತಿಗೆಂದು ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋದಾಗ, ಅಲ್ಲಿಯ ಗೋಡೆಯ ಮೇಲೆ ಟಿಪ್ಪುವಿನ ಸೈನ್ಯ ಬಾಣ ಹಾರಿಸುವ ಚಿತ್ರ ನೋಡಿ ಬೆರಗಾದದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಮ್ಮೂರ ಸುದ್ದಿ ನಮಗೆ ಪರದೇಶದ ಗೋಡೆಯಿಂದ ತಿಳಿಯುವಂತಾಗಿತ್ತು.

ಹುಡುಗನ ಎರಡನೆಯ ಪ್ರಶ್ನೆ

ಇಷ್ಟು ಹೇಳಿ ಮುಗಿಸುವಾಗ ಗುಜರಿಯ ಮಾತಾಡಿದ ಅದೇ ಹುಡುಗ ಮತ್ತೆ ಎದ್ದ. "ಸಾರ್, ನಮ್ಮವರಿಗೆ ಅಷ್ಟು ಚೆನ್ನಾಗಿ ಮಾಡೋಕೆ ಬರ್ತಿತ್ತು ಅಂದ್ರೆ ಆಮೇಲೆ ಯಾಕೆ ನಿಂತು ಹೋಯ್ತು?"

ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎತ್ತಿಕೊಂಡವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರು. 1985ರಲ್ಲಿ ಅವರು ಮೈಸೂರು ಮತ್ತು ಬ್ರಿಟನ್ನಿನ ಬಾಣಗಳ ನೂರು ವರ್ಷದ ಕಥೆಯನ್ನು ಹಳೆಯ ದಾಖಲೆಗಳಿಂದ ಹೆಕ್ಕಿ ಒಂದು ಪ್ರಬಂಧ ಬರೆದರು. ವೂಲಿಚ್‌ನ ಮಾದರಿಗಳನ್ನೂ ಪರಿಶೀಲಿಸಿದರು. 2020ರಲ್ಲಿ ತೀರಿಕೊಳ್ಳುವವರೆಗೂ ಈ ವಿಷಯವನ್ನು ಅವರು ಬಿಡಲಿಲ್ಲ. ವಿಜ್ಞಾನಿಯೊಬ್ಬರು ಹಳೆಯ ಕಬ್ಬಿಣದ ಹಿಂದೆ ಏಕೆ ಬಿದ್ದರು ಎಂದು ಕೇಳಬೇಡಿ. ಒಂದು ದೇಶದಲ್ಲಿ ಹೊಸ ತಂತ್ರ ಹೇಗೆ ಹುಟ್ಟುತ್ತದೆ, ಏಕೆ ಸಾಯುತ್ತದೆ ಎಂದು ತಿಳಿಯದೆ ಮುಂದಿನದನ್ನು ಕಟ್ಟುವುದು ಹೇಗೆ?

ಸೋಲು ಒಂದು ಕಾರಣ, ನಿಜ. ಅರಸು ಹೋದ ಮೇಲೆ ಕೆಲಸ ಕೊಡುವವರಿಲ್ಲ. ಆದರೆ ನನ್ನ ಮಟ್ಟಿಗೆ ಇನ್ನೊಂದು ಕಾರಣವಿದೆ. ಕೊಳವೆ ಬಡಿದವನ ವಿದ್ಯೆ ಅವನ ಕೈಯಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ. ಕೈ ಹೋದಾಗ ವಿದ್ಯೆಯೂ ಹೋಯಿತು. ಕಾಂಗ್ರೀವನ ವಿದ್ಯೆ ಕಾಗದದ ಮೇಲಿತ್ತು. ಅದನ್ನು ಓದಿ ಇನ್ನೊಬ್ಬ ಮುಂದಕ್ಕೆ ಹೋಗಬಹುದಾಗಿತ್ತು.

ಉಕ್ಕಿನ ಕಥೆಯೂ ಇದೇ. ಮಣ್ಣಿನ ಮೂಸೆಯಲ್ಲಿ ಕಬ್ಬಿಣಕ್ಕೆ ಕಟ್ಟಿಗೆ ಎಲೆ ಸೇರಿಸಿ ಕಾಸಿ ಉಕ್ಕು ಮಾಡುವುದನ್ನು ದಕ್ಷಿಣದ ಕಮ್ಮಾರರು ಬಹಳ ಹಿಂದಿನಿಂದ ಬಲ್ಲವರು. ಇಂಗ್ಲಿಷಿನವರು ಅದನ್ನು 'ವೂಟ್ಜ್' ಎಂದರು. ನಮ್ಮ ಕನ್ನಡದ 'ಉಕ್ಕು' ಎಂಬ ಮಾತೇ ಅವರ ಬಾಯಲ್ಲಿ ಹಾಗಾಯಿತು ಎಂದು ಬಹಳ ವಿದ್ವಾಂಸರ ಅಭಿಪ್ರಾಯ. 1820ರ ಆಸುಪಾಸಿನಲ್ಲಿ ಮೈಕೇಲ್ ಫ್ಯಾರಡೆ, ವಿದ್ಯುತ್ ಪಾಠದಲ್ಲಿ ಬರುತ್ತಾನಲ್ಲ ಅದೇ ಫ್ಯಾರಡೆ, ಲಂಡನ್ನಿನಲ್ಲಿ ಕುಳಿತು ಈ ಉಕ್ಕಿನ ಗುಟ್ಟು ತಿಳಿಯಲು ಹೆಣಗಿದ. ಮೈಸೂರು ಸೀಮೆಯ ಕುಲುಮೆಗಳು ಹೇಗಿದ್ದವು ಎಂದು ನಾವು ಇಂದು ತಿಳಿಯಬೇಕಾದರೆ 1800-01ರಲ್ಲಿ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಬರೆದಿಟ್ಟದ್ದನ್ನೇ ಓದಬೇಕು. ಮಾಡಿದವರು ನಮ್ಮವರು, ಬರೆದವರು ಅವರು.

ನಾನು ಕಳೆದದ್ದು

ಇದನ್ನೆಲ್ಲ ಪಾಠ ಹೇಳುವವನಿಗೆ ತನ್ನ ತಪ್ಪನ್ನೂ ಹೇಳುವ ಧೈರ್ಯ ಇರಬೇಕು.

ನಾನು ಹುಡುಗನಾಗಿದ್ದಾಗ ಊರಿನಲ್ಲಿ ಒಬ್ಬ ಕಮ್ಮಾರ ಅಜ್ಜ ಇದ್ದರು. ನೇಗಿಲ ಗುಳ ತಟ್ಟಿಸಲು ಅಪ್ಪ ನನ್ನನ್ನು ಅವರ ಕುಲುಮೆಗೆ ಕಳಿಸುತ್ತಿದ್ದರು. ತಿದಿ ಒತ್ತುವ ಕೆಲಸ ನನ್ನ ಪಾಲಿಗೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ದಿನವಂತೂ ಬೀದಿಯ ಮಕ್ಕಳೆಲ್ಲ ಅಲ್ಲೇ. ಅಜ್ಜ ಚಕ್ರದ ಸುತ್ತಳತೆಯನ್ನು ದಾರದಿಂದ ಅಳೆದು, ಪಟ್ಟಿಯನ್ನು ಅದಕ್ಕಿಂತ ಒಂದಿಷ್ಟು ಚಿಕ್ಕದಾಗಿ ಬೆಸೆಯುತ್ತಿದ್ದರು. ಬೆರಣಿಯ ಬೆಂಕಿಯಲ್ಲಿ ಅದು ಕೆಂಪಗೆ ಕಾದು ಹಿಗ್ಗಿದಾಗ ಇಬ್ಬರು ಇಕ್ಕಳದಿಂದ ಎತ್ತಿ ಚಕ್ರಕ್ಕೆ ತೊಡಿಸಿ ನೀರು ಸುರಿಯುತ್ತಿದ್ದರು. ಚೊಯ್ ಎಂದು ಹೊಗೆ. ಪಟ್ಟಿ ಕುಗ್ಗಿ ಮರವನ್ನು ಅಪ್ಪಿಕೊಳ್ಳುತ್ತಿತ್ತು.

ಮುಂದೆ ನಾನು ಬಿ.ಎಸ್ಸಿ., ಬಿ.ಎಡ್. ಮಾಡಿ ಮೇಷ್ಟರಾಗಿ, ಘನವಸ್ತುಗಳ ಉಷ್ಣ ವ್ಯಾಕೋಚನವನ್ನು ವರ್ಷ ವರ್ಷ ಪಾಠ ಮಾಡಿದೆ. ಲೆಕ್ಕವನ್ನೂ ಕೊಡುತ್ತೇನೆ: ನಾಲ್ಕು ಮೀಟರ್ ಸುತ್ತಳತೆಯ ಪಟ್ಟಿಯನ್ನು 500 ಡಿಗ್ರಿಯಷ್ಟು ಹೆಚ್ಚು ಕಾಸಿದರೆ ಎಷ್ಟು ಹಿಗ್ಗುತ್ತದೆ? ಕಬ್ಬಿಣ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲು ಹಿಗ್ಗುತ್ತದೆ. ಗುಣಿಸಿದರೆ 24 ಮಿಲಿಮೀಟರ್, ಸುಮಾರು ಒಂದು ಅಂಗುಲ. ಅಂದರೆ ಪಟ್ಟಿಯನ್ನು ಅದಕ್ಕಿಂತ ಹೆಚ್ಚು ಚಿಕ್ಕದು ಮಾಡಿದರೆ ಚಕ್ರಕ್ಕೆ ಏರುವುದಿಲ್ಲ. ಬಹಳ ಕಡಿಮೆ ಬಿಟ್ಟರೆ ಬೇಸಿಗೆಯಲ್ಲಿ ಮರ ಒಣಗಿದಾಗ ಕಳಚಿ ಬೀಳುತ್ತದೆ. ಲೆಕ್ಕ ಮಿತಿಯನ್ನು ಮಾತ್ರ ಹೇಳುತ್ತದೆ. ಸರಿಯಾದ ಅಳತೆ ಎಷ್ಟು, ಯಾವ ಮರಕ್ಕೆ ಎಷ್ಟು, ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು ಎಂಬುದು ಅಜ್ಜನಿಗೆ ಗೊತ್ತಿತ್ತು. ಅವರು ಬದುಕಿದ್ದಷ್ಟು ಕಾಲ ನಾನು ಅದೇ ಬೀದಿಯಲ್ಲಿ ಓಡಾಡಿದೆ. ಒಂದು ದಿನವೂ ಕೇಳಲಿಲ್ಲ.

ಅವರು ತೀರಿಕೊಂಡ ಮೇಲೆ ಮಗ ಬಂದು, "ಮೇಷ್ಟ್ರೇ, ಅಪ್ಪನ ತಿದಿ, ಅಡಿಗಲ್ಲು, ಇಕ್ಕಳ ಎಲ್ಲಾ ಹಂಗೇ ಬಿದ್ದವೆ. ಸ್ಕೂಲಿಗೇನಾದ್ರೂ ಬೇಕಾ?" ಎಂದು ಕೇಳಿದರು. ನಾನು ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ. "ಇಡೋಕೆ ಜಾಗ ಎಲ್ಲಿದೆ ಮಾರಾಯ, ನೋಡೋಣ" ಎಂದೆ. ಬೇಸಿಗೆ ರಜೆ ಮುಗಿಸಿ ಹೋಗಿ ಕೇಳಿದಾಗ ಎಲ್ಲವೂ ಗುಜರಿಯವನ ತಕ್ಕಡಿ ಏರಿ ಆಗಿತ್ತು. ತಿದಿಯ ಚರ್ಮವನ್ನು ಅವನೂ ಬೇಡವೆಂದು ಬಿಟ್ಟು ಹೋಗಿದ್ದನಂತೆ. ಅದು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು.

ಬಾಣದ ಕೊಳವೆ ಬಡಿದವರ ವಿದ್ಯೆಗೆ 1799ರಲ್ಲಿ ಏನಾಯಿತೋ ನಮ್ಮ ಅಜ್ಜನ ವಿದ್ಯೆಗೂ ಅದೇ ಆಯಿತು. ಅವರದು ಯುದ್ಧದಲ್ಲಿ ಹೋಯಿತು. ನಮ್ಮದು ನನ್ನ ಅಸಡ್ಡೆಯಲ್ಲಿ ಹೋಯಿತು.

ನಮ್ಮ ಸುತ್ತಮುತ್ತ

ಪಾಲಕರಲ್ಲಿ ಒಂದು ಮಾತು. ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಪೇಟೆಯಿಂದ ಥರ್ಮೋಕೋಲು ತಂದು ರಾತ್ರಿಯೆಲ್ಲ ಕುಳಿತು ನೀವೇ ಜ್ವಾಲಾಮುಖಿ ಮಾಡಿ ಕಳಿಸುತ್ತೀರಿ. ಅದರ ಬದಲು ಮಗುವನ್ನು ಅಟ್ಟಕ್ಕೆ ಹತ್ತಿಸಿ. ಅಲ್ಲಿ ಬಿದ್ದಿರುವ ಒಂದೇ ಒಂದು ಹಳೆಯ ಸಾಮಾನನ್ನು ಕೆಳಗಿಳಿಸಿ. ಒಂದು ನೋಟುಪುಸ್ತಕ ಕೊಡಿ. ಐದು ಪ್ರಶ್ನೆ ಸಾಕು: ಅಳತೆ, ತೂಕ ಎಷ್ಟು? ಯಾವುದರಿಂದ ಮಾಡಿದ್ದು? ಹೇಗೆ ಕೆಲಸ ಮಾಡುತ್ತಿತ್ತು? ಎಲ್ಲಿ ಸವೆದಿದೆ, ಏಕೆ? ಮಾಡಿದವರು ಯಾರು? ಜೊತೆಗೆ ಒಂದು ಚಿತ್ರ ಬರೆಯಲಿ. ಖರ್ಚು ಏನೂ ಇಲ್ಲ.

ನಮ್ಮ ಸೀಮೆಯಲ್ಲಿ ಇಂಥದಕ್ಕೆ ಬರವಿಲ್ಲ. ಹೈದರ್, ಟಿಪ್ಪುವಿನ ತೋಪುಗಳನ್ನು ಎಳೆದ ಅಮೃತಮಹಲ್ ಎತ್ತುಗಳ ಕಾವಲುಗಳು ನಮ್ಮ ಕಡೂರು ಸೀಮೆಯಲ್ಲೇ ಇವೆ. ಆ ತಳಿಯನ್ನು ಉಳಿಸುವ ಕೇಂದ್ರ ಅಜ್ಜಂಪುರದಲ್ಲಿದೆ. ತರೀಕೆರೆಯ ಮೇಲಿನ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಹರಿಯಿತು. ಅಲ್ಲಿ ದುಡಿದು ನಿವೃತ್ತರಾದವರು ನಿಮ್ಮ ನೆಂಟರಲ್ಲೇ ಇರಬಹುದು. ಅವರನ್ನು ಮಾತಾಡಿಸಿ, ಬರೆದುಕೊಳ್ಳಿ. ಬೆಂಗಳೂರಿಗೆ ಹೋದರೆ 1965ರಲ್ಲಿ ತೆರೆದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಗುಂಡಿ ಒತ್ತಿ ಆಟವಾಡಿ ಬಂದರೆ ಸಾಲದು, ಹಳೆಯ ಎಂಜಿನ್ನಿನ ಮುಂದೆ ಐದು ನಿಮಿಷ ನಿಲ್ಲಿಸಿ. ಶಿವಮೊಗ್ಗಕ್ಕೆ ಹೋದರೆ ಶಿವಪ್ಪನಾಯಕ ಅರಮನೆಯನ್ನು ಮರೆಯಬೇಡಿ.

ಗುಜರಿಯ ಮಾತಾಡಿದ ಹುಡುಗ ಮುಂದಿನ ಸೋಮವಾರ ಗೋಣಿಚೀಲದಲ್ಲಿ ಏನನ್ನೋ ಸುತ್ತಿ ತಂದ. ಬಿಚ್ಚಿದರೆ ಒಂದು ಕಬ್ಬಿಣದ ಅಚ್ಚು. ಅವರ ತೆಂಗಿನ ತೋಟದ ಕಪಿಲೆ ಬಾವಿಯ ಮೇಲೆ ಹಗ್ಗ ಓಡುತ್ತಿದ್ದ ಮರದ ಗಾಲಿಯದು. ಗಾಲಿ ಗೆದ್ದಲಿಗೆ ಹೋಗಿದೆ, ಅಚ್ಚು ಉಳಿದಿದೆ. ಕೊಬ್ಬರಿ ತೂಗುವ ತಕ್ಕಡಿಯಲ್ಲಿ ತೂಕ ಮಾಡಿದೆವು. ಸ್ಕೇಲು ಇಟ್ಟು ಅಳೆದೆವು. ಒಂದು ತುದಿ ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು. "ಎಡಗಡೆ ಎತ್ತು ಜೋರಿತ್ತಂತೆ ಸಾರ್, ಅಜ್ಜಿ ಹೇಳಿದ್ರು" ಎಂದ. ಅಜ್ಜಿಯ ವಿವರಣೆ ಸರಿಯೇ ಎಂದು ಇನ್ನು ಪರೀಕ್ಷೆ ಮಾಡಬೇಕು. ಅದಕ್ಕೆ ಮೊದಲು ಬರೆದುಕೊಂಡೆವು.

ಐದನೆಯ ಪ್ರಶ್ನೆಯ ಮುಂದೆ ಜಾಗ ಖಾಲಿ ಬಿಟ್ಟಿದ್ದ. ಎರಡು ದಿನ ಬಿಟ್ಟು ಅಜ್ಜಿಯನ್ನು ಕೇಳಿಕೊಂಡು ಬಂದು ಅಲ್ಲಿ ಒಂದು ಹೆಸರು ತುಂಬಿದ. ನಮ್ಮೂರಿನ ಒಬ್ಬ ಕಮ್ಮಾರರ ಹೆಸರು ಅವರು ಮಾಡಿದ ಕೆಲಸದ ಜೊತೆಗೆ ಕಾಗದದ ಮೇಲೆ ಬಂದದ್ದು ಬಹುಶಃ ಅದೇ ಮೊದಲು. ಆ ಅಚ್ಚು ಈಗ ಪ್ರಯೋಗಾಲಯದ ಬೀರುವಿನ ಮೇಲೆ ಇದೆ. ಜಾಗ ಇತ್ತು.